ಹಂದಿಗೋಡಿನ ಎಕ್ಸ್‌ರೇಗಳು

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ವಿಚಿತ್ರ ಕೀಲುಬೇನೆಯೊಂದು ಗಮನಕ್ಕೆ ಬಂದದ್ದು 1974-75ರಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಪರೀಕ್ಷಿಸಿ, 1978ರಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರದಿ ಮಾಡಿದ್ದರು. ನಾನು ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಆ ಸೀಮೆಗೆ ಹೋದಾಗ ಎಲ್ಲರ ಬಾಯಲ್ಲೂ ಗದ್ದೆ ಏಡಿಯದೇ ಮಾತು. ಭತ್ತಕ್ಕೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಅದನ್ನು ತಿಂದವರ ಮೂಳೆ ಕೆಟ್ಟಿತೆಂಬ ಗುಮಾನಿ. ಕಾಯಿಲೆ ಬಿದ್ದವರು ಬಹುಪಾಲು ಚನ್ನಂಗಿ, ಛಲವಾದಿ ಸಮುದಾಯದ ಕೂಲಿಕಾರರು. ಬಡವರ ತುತ್ತಿನ ಮೇಲೆ ತಪ್ಪು ಹೊರಿಸುವುದು ಎಷ್ಟು ಸಲೀಸು!

ಸೊಂಟದ ಎಕ್ಸ್‌ರೇ ಸರಿಯಾಗಿ ಬರಬೇಕಾದರೆ ಅಂಗಾತ ಮಲಗಿಸಿ, ಎರಡೂ ಪಾದಗಳನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸಬೇಕು. ಇವರ ಕಾಲು ತಿರುಗುತ್ತಲೇ ಇರಲಿಲ್ಲ. ‘ಚೂರು ತಡ್ಕಳಮ್ಮ’ ಎಂದು ಮರಳಿನ ಚೀಲ ಒತ್ತಿಟ್ಟರೆ, ಹಲ್ಲು ಕಚ್ಚಿಕೊಂಡು ‘ಬೇಗ ತೆಗೀರಿ ಸಾರ್’ ಎನ್ನುತ್ತಿದ್ದರು. ಡಾರ್ಕ್ ರೂಮಿನ ಕೆಂಪು ದೀಪದಡಿ ತೊಳೆದ ಫಿಲ್ಮಿನಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದು ಒಂದು ಕಪ್ಪು ಗೆರೆ. ತೊಡೆಮೂಳೆಯ ಗುಂಡು ತಲೆಗೂ ಅದು ಕೂರುವ ಬಟ್ಟಲಿಗೂ ನಡುವಿನ ಸಂದು ಅದು. ಎಳೆ ಪ್ರಾಯದವರಲ್ಲೂ ಆ ಸಂದು ಮುಚ್ಚಿಹೋಗಿರುತ್ತಿತ್ತು, ಗುಂಡಗಿರಬೇಕಾದ ತಲೆ ಚಪ್ಪಟೆಯಾಗಿರುತ್ತಿತ್ತು.

ಒಂದೇ ಫಿಲ್ಮ್ ನೋಡಿದವರು ಸಾಮಾನ್ಯ ಸಂಧಿವಾತವೆಂದು ಚೀಟಿ ಬರೆದು ಕಳಿಸಿಬಿಡಬಹುದಿತ್ತು. ಹಲವರ ಫಿಲ್ಮ್‌ಗಳನ್ನು ಒಟ್ಟಿಗೆ ವ್ಯೂ ಬಾಕ್ಸಿಗೆ ಸಿಕ್ಕಿಸಿದಾಗಲೇ ನಿಜ ಕಾಣುತ್ತಿದ್ದದ್ದು. ಕೆಲವರಿಗೆ ಸೊಂಟವಷ್ಟೇ ಕೆಟ್ಟಿದೆ, ಕೆಲವರಿಗೆ ಬೆನ್ನೆಲುಬಿನ ಮಣಿಗಳೂ ಚಪ್ಪಟೆಯಾಗಿವೆ, ಇನ್ನು ಕೆಲವರು ಬೆಳೆಯದೆ ಕುಳ್ಳಗೆ ಉಳಿದಿದ್ದಾರೆ. ಕಾಯಿಲೆಯನ್ನು ಮೂರು ಬಗೆಯಾಗಿ ವಿಂಗಡಿಸಲು ಆಧಾರವಾದದ್ದು ಈ ಚಿತ್ರಗಳೇ. ಜೊತೆಗೆ ವಂಶವೃಕ್ಷ ಬರೆದು ನೋಡಿದಾಗ, ತಂದೆತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದಾದ ವಂಶವಾಹಿ ಕಾಯಿಲೆ ಇದು ಎಂಬುದು ಸ್ಪಷ್ಟವಾಯಿತು. 1997ರಲ್ಲಿ ತಜ್ಞರು ಇದನ್ನು ದಕ್ಷಿಣ ಆಫ್ರಿಕಾದ ಮ್ಸೆಲೆನಿಯ ಕೀಲುಬೇನೆಯೊಂದಿಗೆ ಹೋಲಿಸಿ ಬರೆದರು. ಅಲ್ಲೂ ಹೀಗೆಯೇ ಮನೆಮನೆಯಲ್ಲಿ ಸೊಂಟ ಹಿಡಿದವರು.

ಈಗ ಡಿಜಿಟಲ್ ಎಕ್ಸ್‌ರೇ ಕೆಲವೇ ಕ್ಷಣಗಳಲ್ಲಿ ಪರದೆಗೆ ಬರುತ್ತದೆ. ಚಿತ್ರ ಕೆಟ್ಟರೆ ಆಗಲೇ ತಿಳಿಯುತ್ತದೆ. ಕುಂಟುತ್ತ ಊರು ಸೇರಿದವರನ್ನು ಮತ್ತೆ ಕರೆಸುವ ಸಂಕಟವಿಲ್ಲ. ಆದರೆ ನಾವು ತೆಗೆದ ಹಳೆಯ ಫಿಲ್ಮ್‌ಗಳು ಹೋದವು. ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ ಹಾಳಾದವು ಎಷ್ಟೋ. ಉಳಿದವನ್ನು ಅವುಗಳಲ್ಲಿನ ಬೆಳ್ಳಿಗಾಗಿ ತೂಕದ ಲೆಕ್ಕದಲ್ಲಿ ಮಾರಿದರು. ಅದು ನನಗೆ ಇಂದಿಗೂ ನುಂಗಲಾರದ ತುತ್ತು. ಸೊಂಟ ನೋವೆಂದು ಬಂದ ಹುಡುಗಿಯ ಚಿತ್ರದ ಪಕ್ಕ ಅವಳ ಅಜ್ಜಿಯ ಫಿಲ್ಮ್ ಇಟ್ಟರೆ, ಹೊಸದಾಗಿ ಬಂದ ವೈದ್ಯರಿಗೂ ಕಾಯಿಲೆಯ ಜಾಡು ಸಿಗುತ್ತಿತ್ತು. ರೋಗಿಗಳ ಮನೆಗಳ ಅಟ್ಟದಲ್ಲಿ ಹಳೆಯ ಎಕ್ಸ್‌ರೇ ಕವರುಗಳಿದ್ದರೆ ಫೋಟೊ ತೆಗೆಸಿ, ಮನೆತನವಾರು ಜೋಡಿಸಿಡಿ ಎಂದು ಸಿಕ್ಕ ವೈದ್ಯರಿಗೆಲ್ಲ ಹೇಳುತ್ತಲೇ ಇದ್ದೇನೆ.