ಲಾಗ್ ಹೇಳಿದ ಸಮಯ

ನಾಗಪುರದಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಸಮಯವೆಂದರೆ ಸಾಕ್ಷಿ. ಇಲ್ಲಿನ ಒಂದು ಕಚೇರಿಯಲ್ಲಿ ಫೈರ್‌ವಾಲ್ ನಿಯಮವನ್ನು ಯಾರೋ ಬದಲಿಸಿದ್ದರು. ಲಾಗ್‌ನಲ್ಲಿ ರಾತ್ರಿ 11 ಗಂಟೆ ಎಂದಿತ್ತು. ಅನುಮಾನವೆಲ್ಲ ಆ ಪಾಳಿಯ ಹುಡುಗನ ಮೇಲೆ. ಅವನ ಕೆಲಸ ಹೋಗುವುದರಲ್ಲಿತ್ತು.

ಗಡಿಯಾರ ಕೆಟ್ಟಿರಲಿಲ್ಲ. ಎನ್‌ಟಿಪಿ ತರುವುದು ಯುಟಿಸಿ ಸಮಯ ಮಾತ್ರ. ಅದಕ್ಕೆ ಐದೂವರೆ ಗಂಟೆ ಕೂಡಿಸುವ ಟೈಮ್‌ಝೋನ್ ಸೆಟ್ಟಿಂಗ್ ಹಾಕಿರಲಿಲ್ಲ. ಬದಲಾವಣೆ ಆದದ್ದು ಬೆಳಗಿನ ಜಾವ 4:30ಕ್ಕೆ. ಹುಡುಗ 2ಕ್ಕೇ ಮನೆ ಸೇರಿದ್ದ.

ಎನ್‌ಐಸಿ ಅಥವಾ ದೆಹಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯದ ಸಮಯಕ್ಕೆ ಯಂತ್ರಗಳನ್ನು ಹೊಂದಿಸಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶಿಸಿದೆ. ಅದು ಅರ್ಧ ಕೆಲಸ.

ಧಾರವಾಡಕ್ಕಿಂತ ನಾಗಪುರದಲ್ಲಿ ಸೂರ್ಯ ಸುಮಾರು 16 ನಿಮಿಷ ಮೊದಲೇ ನೆತ್ತಿಗೆ ಬರುತ್ತಾನೆ. ಆದರೂ ಅಲ್ಲಿರುವ ಅವ್ವನಿಗೂ ನನಗೂ ಗಡಿಯಾರದಲ್ಲಿ ಒಂದೇ ಗಂಟೆ. ಸಮಯವೆಂದರೆ ಒಪ್ಪಂದ. ಯಂತ್ರ ಯಾವ ಒಪ್ಪಂದದಲ್ಲಿದೆ ಎಂದು ನೋಡದೆ ಯಾರನ್ನೂ ದೂರಬೇಡಿ.