ಮನೆಯ ಗಣಕಕ್ಕೊಬ್ಬ ಕಾವಲುಗಾರ

ಹೊಸ ಶಾಸ್ತ್ರಗಳಿಗಾಗಿ ಕನ್ನಡದಲ್ಲಿ ಟಂಕಿಸಿದ ಪದಗಳ ಪೈಕಿ ನನಗೆ ಬಹಳ ಹಿಡಿಸಿದ್ದು ‘ಕುತಂತ್ರಾಂಶ’. ತಂತ್ರಾಂಶಕ್ಕೆ ‘ಕು’ ಎಂಬ ಉಪಸರ್ಗ ಸೇರಿದೊಡನೆ ‘ಕುತಂತ್ರ’ವೆಂಬ ಹಳೆಯ ಮಾತು ಒಳಗಿನಿಂದ ತಾನಾಗಿ ತಲೆಯೆತ್ತುತ್ತದೆ. ವೈರಸ್ಸು, ಗಣಕದಿಂದ ಗಣಕಕ್ಕೆ ತಾನೇ ಹರಿದುಹೋಗುವ ಹುಳು, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಒತ್ತೆಕೋರ, ಕೀಲಿಮಣೆಯ ಒತ್ತುಗಳನ್ನು ಕದ್ದಾಲಿಸುವ ಗೂಢಚಾರ, ಇವೆಲ್ಲಕ್ಕೂ ಒಪ್ಪುವ ಹೆಸರು ಅದು. ಆದರೆ ಪದದ ಸೊಗಸನ್ನು ಸವಿಯುವುದು ಬೇರೆ, ಆ ಪದಾರ್ಥ ಮನೆಯೊಳಗೆ ಬರದಂತೆ ತಡೆಯುವುದು ಬೇರೆ.

ಕಮಠಾಣದ ನಮ್ಮ ಮನೆಯ ಗಣಕದಲ್ಲಿ ಕದಿಯಲು ಯೋಗ್ಯವಾದ ಹಣಕಾಸಿನ ಗುಟ್ಟೇನೂ ಇಲ್ಲ. ಇರುವುದು ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಊರೂರು ಅಲೆದು ಹನ್ನೊಂದು ವರ್ಷಗಳಲ್ಲಿ ಕೂಡಿಹಾಕಿದ ಶಾಸನಪಾಠಗಳು, ಬಸದಿಗಳ ಅಳತೆಗಳು, ಹೊಲದ ಬದುವಿನಲ್ಲಿ ಬಿದ್ದ ಭಗ್ನ ಜಿನಬಿಂಬಗಳ ಛಾಯಾಚಿತ್ರಗಳು. ಇವುಗಳಲ್ಲಿ ಕೆಲವು ಕಲ್ಲುಗಳು ಈಗ ನಾನು ಕಂಡ ಸ್ಥಿತಿಯಲ್ಲಿಲ್ಲ. ಒಂದು ಸುಣ್ಣದ ಹಲವು ಪದರಗಳ ಕೆಳಗೆ ಮೂಕವಾಗಿದೆ. ಇನ್ನೊಂದು ರಸ್ತೆ ಅಗಲವಾದಾಗ ಎಲ್ಲಿ ಹೋಯಿತೋ ಯಾರೂ ಹೇಳಲಾರರು. ಅವುಗಳ ಅಕ್ಷರಕ್ಕೆ ಉಳಿದಿರುವ ಸಾಕ್ಷಿಯೆಂದರೆ ಗಣಕದೊಳಗಿನ ಆ ಚಿತ್ರ ಮಾತ್ರ. ಕಲ್ಲಿನಲ್ಲಿ ಎಂಟು ಶತಮಾನ ಬಾಳಿದ ಬರಹ ಒಂದು ಕುತಂತ್ರಾಂಶದಿಂದ ಎಂಟು ನಿಮಿಷದಲ್ಲಿ ಅಳಿಯಬಹುದೆಂಬುದು ನಮ್ಮ ಕಾಲದ ವಿಪರ್ಯಾಸ.

ಅಪಾಯ ಬಂದದ್ದು ಅಂತರ್ಜಾಲದಿಂದಲ್ಲ, ಪೆನ್ ಡ್ರೈವಿನಿಂದ. ಲೇಖನವೊಂದರ ಕರಡಚ್ಚು ತೆಗೆಸಲು ಪೇಟೆಯ ಡಿಟಿಪಿ ಅಂಗಡಿಯೊಂದಕ್ಕೆ ಹೋಗಿ ಬಂದ ಪೆನ್ ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಮಾರ್ಪಟ್ಟಿದ್ದವು. ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗ ರಜೆಗೆ ಊರಿಗೆ ಬಂದಿದ್ದ. “ಕಾಕಾ, ಒತ್ತಬ್ಯಾಡ್ರಿ, ಅದು ಫೋಲ್ಡರಲ್ಲ” ಎಂದು ಕೈ ತಡೆದ. ಈ ಜಾತಿಯ ಕುತಂತ್ರಾಂಶ ಮೂಲ ಫೋಲ್ಡರನ್ನು ಅಳಿಸುವುದಿಲ್ಲ. ಅದಕ್ಕೆ ‘ಅಡಗಿದ’, ‘ವ್ಯವಸ್ಥೆಯ’ ಎಂಬ ಗುಣಗಳನ್ನು ಹಚ್ಚಿ ಕಣ್ಮರೆ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ಟೊಂದನ್ನು ಮುಂದೆ ನಿಲ್ಲಿಸುತ್ತದೆ. ನಂಬಿ ಒತ್ತಿದವನಿಗೆ ಕಡತವೂ ತೆರೆಯುತ್ತದೆ, ಹುಳುವೂ ಮನೆ ಸೇರುತ್ತದೆ. ಅವನು ಕಪ್ಪು ಕಿಟಕಿಯೊಂದನ್ನು ತೆರೆದು ‘ಅಟ್ರಿಬ್’ ಎಂಬ ಒಂದು ಸಾಲಿನ ಆಜ್ಞೆ ಕೊಟ್ಟು ಅಡಗಿದ್ದನ್ನೆಲ್ಲ ಹೊರಕ್ಕೆ ತಂದ.

ಕಮಠಾಣವೆಂಬ ಹೆಸರು ಕೇಳಿದ ಜೈನ ಕಿವಿಗೆ ಪಾರ್ಶ್ವನಾಥನ ಭವಾವಳಿಯ ಕಮಠ ನೆನಪಾಗದೆ ಇರಲಾರ. (ಊರ ಹೆಸರಿನ ವ್ಯುತ್ಪತ್ತಿಗೂ ಆ ಕಥೆಗೂ ನಂಟು ಕಟ್ಟುವ ಸಾಹಸ ನನ್ನದಲ್ಲ.) ಕ್ಷಮೆ ಬೇಡಲು ಬಂದು ಬಾಗಿದ ತಮ್ಮ ಮರುಭೂತಿಯ ತಲೆಯ ಮೇಲೆ ಕಲ್ಲು ಕೆಡವಿದವನು ಅವನು, ಆಗ ಅವನು ತೊಟ್ಟಿದ್ದುದು ತಪಸ್ವಿಯ ವೇಷ. ಕುತಂತ್ರಾಂಶಗಳ ಪೈಕಿ ಅತಿ ಕುಟಿಲವಾದವು ಇದೇ ವೇಷದಲ್ಲಿ ಬರುತ್ತವೆ. ಪತ್ರಿಕೆಯೊಂದನ್ನು ಓದುತ್ತಿರುವಾಗ ಪರದೆಯ ತುಂಬ ಕೆಂಪು ಫಲಕವೆದ್ದು, ‘ನಿಮ್ಮ ಗಣಕಕ್ಕೆ ಸೋಂಕು ತಗಲಿದೆ, ಕೂಡಲೆ ಈ ಸಂಖ್ಯೆಗೆ ಕರೆ ಮಾಡಿ’ ಎಂದು ಕೂಗತೊಡಗಿದರೆ ಅದು ಕಾವಲುಗಾರನ ಕೂಗಲ್ಲ, ಕಳ್ಳನದು. ನಿಜವಾದ ರಕ್ಷಣಾ ತಂತ್ರಾಂಶ ದೂರವಾಣಿಗೆ ಕರೆ ಮಾಡೆನ್ನುವುದಿಲ್ಲ. ಆದ್ದರಿಂದ ಉಚಿತ ತಂತ್ರಾಂಶವನ್ನು ಆರಿಸುವವನು ಪಾಲಿಸಬೇಕಾದ ಮೊದಲ ನಿಯಮ: ಜಾಹೀರಾತು ತೋರಿದ್ದನ್ನು ಇಳಿಸಿಕೊಳ್ಳದೆ, ತಯಾರಕರ ಸ್ವಂತ ತಾಣದಿಂದಲೇ ಪಡೆಯುವುದು.

ಹಣ ಕೊಟ್ಟು ಕೊಳ್ಳುವುದೋ, ಉಚಿತವಾದುದು ಸಾಕೋ ಎಂಬ ಚರ್ಚೆ ನಮ್ಮಿಬ್ಬರಲ್ಲಿ ಎರಡು ದಿನ ನಡೆಯಿತು. ಕೊಳ್ಳುವುದರಲ್ಲಿ ಅವಮಾನವಿಲ್ಲ. ಪುಣೆಯಲ್ಲಿ ಕ್ಯಾಲ್ಕುಲೇಟರ್ ದುರಸ್ತಿಯಿಂದ ಬದುಕು ಆರಂಭಿಸಿದ ಕೈಲಾಸ ಕಾಟ್ಕರ್ ಮತ್ತು ಅವರ ತಮ್ಮ ಸಂಜಯ ಕಾಟ್ಕರ್ ಕಟ್ಟಿದ ‘ಕ್ವಿಕ್ ಹೀಲ್’ ನಮ್ಮ ನೆರೆನಾಡಿನದೇ ಸಾಧನೆ. ಆದರೆ ವರ್ಷವರ್ಷವೂ ನವೀಕರಿಸಲು ಮರೆತ ಕ್ರಯದ ತಂತ್ರಾಂಶ, ಬೀಗದ ಕೈ ಕಳೆದ ಪೆಟ್ಟಿಗೆಯಂತೆ ಶೋಭೆಗೆ ಮಾತ್ರ. ನಮ್ಮ ಕಡೆಯ ಹಲವು ಮನೆಗಳಲ್ಲಿ ಗಣಕದ ಜೊತೆಗೆ ಬಂದ ಮೊದಲ ವರ್ಷದ ಅವಧಿ ಮುಗಿದ ಮೇಲೆ ಅದೇ ಮುದ್ರೆ ಮೂಲೆಯಲ್ಲಿ ಕೆಂಪಾಗಿ ಕೂತಿರುವುದನ್ನು ಕಂಡಿದ್ದೇನೆ.

ಇನ್ನು ಉಚಿತ ಎಂಬ ಮಾತು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಕೇಳಿ ಬೆಳೆದವರಿಗೆ ಪ್ರತಿಫಲ ಬಯಸದೆ ಕೊಟ್ಟದ್ದೇ ದಾನ. ಮಾರುಕಟ್ಟೆಯ ಉಚಿತಕ್ಕೆ ಆ ಲಕ್ಷಣ ಕೂಡುವುದಿಲ್ಲ. “ಪುಕ್ಕಟೆ ಅಂದ್ರ ಎಲ್ಲಾ ಪುಕ್ಕಟೆ ಇರಂಗಿಲ್ರಿ ಕಾಕಾ” ಎಂದು ಹುಡುಗ ಹೇಳಿದ್ದು ಅವಾಸ್ಟ್ ಪ್ರಕರಣವನ್ನು ನೆನೆದು. ಕೋಟಿಗಟ್ಟಲೆ ಜನ ಉಚಿತವಾಗಿ ಬಳಸುತ್ತಿದ್ದ ಆ ಕಂಪನಿಯ ತಂತ್ರಾಂಶ, ಬಳಕೆದಾರರು ಯಾವ ತಾಣಗಳಿಗೆ ಹೋದರೆಂಬ ವಿವರವನ್ನು ಸಂಗ್ರಹಿಸಿ ‘ಜಂಪ್‌ಶಾಟ್’ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತೆಂಬುದು 2020ರ ಜನವರಿಯಲ್ಲಿ ಪತ್ರಿಕೆಗಳಿಂದ ಬಯಲಾಯಿತು. ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ವಾಣಿಜ್ಯ ಆಯೋಗ 1.65 ಕೋಟಿ ಡಾಲರು ತೆರಬೇಕೆಂದು ವಿಧಿಸಿತು. ಕಾವಲುಗಾರನೇ ಮನೆಯವರ ಓಡಾಟದ ಪಟ್ಟಿ ಮಾಡಿ ಬೀದಿಯಲ್ಲಿ ಮಾರಿದ ಕಥೆ ಅದು. ಹಾಗೆಂದು ಎಲ್ಲ ಉಚಿತಗಳನ್ನೂ ತಳ್ಳಿಹಾಕಬೇಕಿಲ್ಲ. ಕೊಡುವವನು ತನ್ನ ಖರ್ಚನ್ನು ಎಲ್ಲಿಂದ ತುಂಬಿಸಿಕೊಳ್ಳುತ್ತಾನೆಂದು ಕೇಳಿಕೊಂಡರೆ ಸಾಕು.

ಆ ಪ್ರಶ್ನೆಯಿಂದ ಜರಡಿಯಾಡಿದಾಗ ಕೆಲವೇ ಉಳಿದವು. ‘ಕ್ಲಾಮ್‌ಎವಿ’ ಮುಕ್ತ ತಂತ್ರಾಂಶ, ಅದರ ಮೂಲಸಂಕೇತವನ್ನು ಯಾರೂ ಓದಬಹುದು. ಆದರೆ ಅದರ ನಿಜವಾದ ಕ್ಷೇತ್ರ ಮಿಂಚಂಚೆಯ ಸರ್ವರುಗಳು. ಮನೆಯ ವಿಂಡೋಸ್ ಗಣಕದಲ್ಲಿ ಹೊತ್ತುಹೊತ್ತಿನ ಕಾವಲಿಗೆ ಒದಗದು. ಭಾರತ ಸರ್ಕಾರ 2017ರ ಫೆಬ್ರವರಿಯಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಕೊಡುತ್ತದೆ. ಅಲ್ಲಿಯ ‘ಯುಎಸ್‌ಬಿ ಪ್ರತಿರೋಧ’ ಗೊತ್ತುಪಡಿಸದ ಪೆನ್ ಡ್ರೈವುಗಳನ್ನು ತಡೆಯುವಂಥದು, ಹೈದರಾಬಾದಿನ ಸಿ-ಡ್ಯಾಕ್ ರೂಪಿಸಿದ್ದು. ಹಲವರ ಕೈಯಾಡುವ ಶಾಲೆ, ಪಂಚಾಯಿತಿಗಳ ಗಣಕಕ್ಕೆ ಅದು ಹೆಚ್ಚು ತಕ್ಕದ್ದು. ‘ಮಾಲ್‌ವೇರ್‌ಬೈಟ್ಸ್’ನ ಉಚಿತ ರೂಪ ಕಾವಲು ಕಾಯುವುದಿಲ್ಲ, ಕರೆದಾಗ ಬಂದು ತಪಾಸಣೆ ಮಾಡಿ ಹೋಗುತ್ತದೆ. ತಿಂಗಳಿಗೊಮ್ಮೆ ಬರುವ ವೈದ್ಯನಂತೆ ಅದನ್ನು ಇಟ್ಟುಕೊಂಡೆವು. ದಿನನಿತ್ಯದ ಕಾವಲಿಗೆ ಆರಿಸಿದ್ದು ವಿಂಡೋಸಿನೊಳಗೇ ಇರುವ ಡಿಫೆಂಡರ್. ಎರಡು ಕಾವಲು ತಂತ್ರಾಂಶಗಳನ್ನು ಏಕಕಾಲಕ್ಕೆ ನಿಲ್ಲಿಸಿದರೆ ಅವು ಒಂದನ್ನೊಂದು ಶಂಕಿಸಿ ಗಣಕವನ್ನೇ ಕುಂಟಿಸುತ್ತವೆ. ಆದುದರಿಂದ ಕಾಯಂ ಕಾವಲುಗಾರ ಒಬ್ಬನೇ.

ಡಿಫೆಂಡರ್ ಮೊದಮೊದಲು ಒಳ್ಳೆಯ ಹೆಸರು ಪಡೆದಿರಲಿಲ್ಲ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪ್ಯಾರಟಿವ್ಸ್ ಎಂಬ ಪರೀಕ್ಷಾಸಂಸ್ಥೆಗಳಲ್ಲಿ ಅದರ ಅಂಕ ಏರಿದ್ದು ಅನಂತರ. ಒಂದು ಕೊರತೆ ಈಗಲೂ ಇದೆ, ಅದು ನಮ್ಮಂಥ ಊರಿನವರು ಗಮನಿಸಬೇಕಾದುದು: ಅಂತರ್ಜಾಲದ ನಂಟು ಇಲ್ಲದಾಗ ಅದರ ಗುರುತಿಸುವ ಶಕ್ತಿ ತಗ್ಗುತ್ತದೆ, ಏಕೆಂದರೆ ಸಂದೇಹ ಬಂದುದನ್ನು ದೂರದ ಭಂಡಾರಕ್ಕೆ ಕೇಳಿ ತೀರ್ಮಾನಿಸುವುದು ಅದರ ಕ್ರಮ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಮೊಬೈಲ್ ಸಂಕೇತವೂ ಹೋಗುವ ಕಡೆ ಇದು ಸಣ್ಣ ಮಾತಲ್ಲ. ಅಂತರ್ಜಾಲ ಕೂಡಿದ ಮೇಲೆಯೇ ಹೊರಗಿನ ಪೆನ್ ಡ್ರೈವನ್ನು ಚುಚ್ಚುವುದೆಂಬ ಮನೆಯ ನಿಯಮ ಹುಟ್ಟಿದ್ದು ಹೀಗೆ.

ಅದರಲ್ಲಿ ‘ಫೋಲ್ಡರಿಗೆ ನಿಯಂತ್ರಿತ ಪ್ರವೇಶ’ ಎಂಬ ಏರ್ಪಾಡೂ ಉಂಟು. ತಾನಾಗಿ ಚಾಲೂ ಆಗಿರುವುದಿಲ್ಲ, ನಾವೇ ಹೋಗಿ ಚಾಲೂ ಮಾಡಬೇಕು. ಆಮೇಲೆ ಅದು ಪರಿಚಯವಿಲ್ಲದ ಯಾವ ತಂತ್ರಾಂಶವನ್ನೂ ನಮ್ಮ ಕಡತಗಳನ್ನು ತಿದ್ದಗೊಡುವುದಿಲ್ಲ. ಒತ್ತೆಕೋರ ತಂತ್ರಾಂಶಗಳಿಗೆ ಇದು ಒಳ್ಳೆಯ ತಡೆ. ಆದರೆ ನನ್ನ ಹಳೆಯ ಕನ್ನಡ ಬರವಣಿಗೆಯ ತಂತ್ರಾಂಶವೂ ಅದರ ಕಣ್ಣಿಗೆ ಕಳ್ಳನಾಯಿತು. ಒತ್ತಿದ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಕನ್ನಡ ಅಕ್ಷರವಾಗಿ ಮಾರ್ಪಡಿಸುವ ತಂತ್ರಾಂಶದ ನಡೆಗೂ, ಕೀಲಿಗಳನ್ನು ಕದ್ದಾಲಿಸುವ ಗೂಢಚಾರನ ನಡೆಗೂ ಹೊರನೋಟಕ್ಕೆ ಹೆಚ್ಚು ಭೇದವಿಲ್ಲ. ಹುಡುಗ ಅದನ್ನು ಕಿತ್ತುಹಾಕೆಂದ, ನಾನು ಒಪ್ಪಲಿಲ್ಲ. ಹಲವು ಹತ್ತು ರಕ್ಷಣಾ ತಂತ್ರಾಂಶಗಳಿಂದ ಒಂದೇ ಬಾರಿಗೆ ಅಭಿಪ್ರಾಯ ಪಡೆಯುವ ವೈರಸ್‌ಟೋಟಲ್ ತಾಣಕ್ಕೆ ಅದರ ಕಡತವನ್ನು ಕಳಿಸಿದೆವು. ಇಬ್ಬರು ಮಾತ್ರ ಶಂಕಿಸಿದರು, ಉಳಿದವರೆಲ್ಲ ನಿರ್ದೋಷಿಯೆಂದರು. ಅದಕ್ಕೆ ಅನುಮತಿ ಕೊಟ್ಟೆ. ಆ ತಾಣಕ್ಕೆ ತಂತ್ರಾಂಶವನ್ನು ಕಳಿಸಬಹುದು. ಅಪ್ರಕಟಿತ ಶಾಸನಪಾಠವನ್ನಾಗಲಿ ಮನೆಯ ಪತ್ರಗಳನ್ನಾಗಲಿ ಕಳಿಸಬಾರದು, ಏಕೆಂದರೆ ಅಲ್ಲಿಗೆ ಹೋದ ಕಡತ ಬೇರೆ ಸಂಸ್ಥೆಗಳ ಕೈಗೂ ಸಿಗುತ್ತದೆ.

ಇಷ್ಟಾದರೂ ಕಾವಲುಗಾರನಿಗಿಂತ ಗೋಡೆ ಮುಖ್ಯ. 2017ರ ಮೇ 12ರಂದು ಜಗತ್ತನ್ನು ನಡುಗಿಸಿದ ವಾನಾಕ್ರೈ ನುಸುಳಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚಿ ತಿಂಗಳಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದಿದ್ದವರು ಕೆಟ್ಟರು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದೂ ಮಾಮೂಲಿನ ತೇಪೆಗಳು ನಿಂತವು. ಹಳೆಯ ಗಣಕವನ್ನು ಎಸೆಯಲೊಪ್ಪದವರು ಅದಕ್ಕೆ ಲಿನಕ್ಸ್ ಹಾಕಿಸಬಹುದು, ಅದೂ ಉಚಿತ. ನಮ್ಮಲ್ಲಿ ಅಂಥದೊಂದು ಈಗ ಮಕ್ಕಳ ಓದಿಗೆ ಮೀಸಲಾಗಿದೆ.

ಕಡೆಯ ಮಾತು ಪ್ರತಿಗಳದು. ಪೊನ್ನನ ಶಾಂತಿಪುರಾಣ ಕಳೆದುಹೋಗದಿರಲೆಂದು ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಗೆ, ಗೆದ್ದಲಿಗೆ ಮದ್ದು ಹುಡುಕುವುದಕ್ಕಿಂತ ಒಂದು ಗ್ರಂಥವನ್ನು ಸಾವಿರ ಕಡೆ ಇರಿಸುವುದು ಮೇಲೆಂದು ತಿಳಿದಿತ್ತು. ಧವಲಾ ಟೀಕೆಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯ ಒಂದೇ ಬಸದಿಯಲ್ಲಿ ಉಳಿದು, ಅದೃಷ್ಟವಶಾತ್ ನಮ್ಮ ಕೈಸೇರಿದವು. ಗಣಕದ ಸಂಗ್ರಹವನ್ನು ಎರಡು ಹೊರಗಿನ ಡಿಸ್ಕುಗಳಿಗೆ ನಕಲು ಮಾಡಿಸಿದ್ದೇನೆ. ಒಂದು ಮನೆಯಲ್ಲಿದೆ, ನಕಲು ಮುಗಿದೊಡನೆ ತಂತಿ ಬಿಚ್ಚಿಡುವುದು ಕಡ್ಡಾಯ. ತಂತಿಯಲ್ಲೇ ಇದ್ದರೆ ಒತ್ತೆಕೋರ ಅದಕ್ಕೂ ಬೀಗ ಹಾಕುತ್ತಾನೆ. ಇನ್ನೊಂದು ಔರಾದದಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ. ಮೂರು ತಿಂಗಳಿಗೊಮ್ಮೆ ಅವೆರಡೂ ಸ್ಥಳ ಬದಲಿಸುತ್ತವೆ. ಡಿಸ್ಕಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ದಿನಾಂಕ ಬರೆಯುವ ಕೆಲಸವನ್ನು ತಂಗಿಯೇ ವಹಿಸಿಕೊಂಡಿದ್ದಾಳೆ.