ಲೆಕ್ಕಕ್ಕೆ ಬರದ ಎರಡು ತಾಸು

ವಾಣಿಜ್ಯ ವಿಭಾಗದವರೆಲ್ಲ ಪ್ರಥಮ ಪಿಯುಸಿಯಲ್ಲೇ ಒಂದು ಮಾತು ಓದಿರುತ್ತೇವೆ. ಹಣದಲ್ಲಿ ಅಳೆಯಬಹುದಾದ ವ್ಯವಹಾರಗಳನ್ನು ಮಾತ್ರ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಇದಕ್ಕೆ ಹಣ ಮಾಪನ ಪರಿಕಲ್ಪನೆ ಎನ್ನುತ್ತಾರೆ. ಕೆಲಸಗಾರನ ಸಂಬಳ ಪುಸ್ತಕಕ್ಕೆ ಬರುತ್ತದೆ, ಅವನ ತಾಳ್ಮೆ ಬರುವುದಿಲ್ಲ. ಈ ಪಾಠ ಕೇಳಿದಾಗಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಲೇ ಇದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ತಾಸು, ಒಂದು ರೂಪಾಯಿಯನ್ನೂ ಪಡೆಯದೆ ನಮ್ಮ ಮನೆಗೆ ಬರುವ ಹಿರಿಯರೊಬ್ಬರ ಲೆಕ್ಕ ಅದು.

ನಮ್ಮದು ಆಳಂದ. ಮನೆಮಾತು ಉರ್ದು. ನನ್ನ ತಮ್ಮನಿಗೆ ಒಂಬತ್ತು ವರ್ಷ, ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಮೆದುಳು ಬೆಳೆಯುವ ಹೊತ್ತಿನಲ್ಲಿ ಆದ ಪೆಟ್ಟಿನಿಂದ ಸ್ನಾಯುಗಳು ಹೇಳಿದಂತೆ ಕೇಳುವುದಿಲ್ಲ. ಅವನ ಬಲಗೈ ಬಿಗಿ, ನಡಿಗೆ ಓರೆ, ಮಾತು ನಿಧಾನ. ತಿಳಿವಳಿಕೆಗೆ ಮಾತ್ರ ಏನೂ ಕಮ್ಮಿ ಇಲ್ಲ. ಅಬ್ಬಾ ಪಂಕ್ಚರ್ ಅಂಗಡಿ ನಡೆಸುತ್ತಾರೆ, ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಫಿಸಿಯೋಥೆರಪಿಗೆಂದು ಕಲಬುರಗಿಗೆ ಹೋಗಿಬಂದರೆ ಅಬ್ಬಾನ ಒಂದು ದಿನದ ದುಡಿಮೆ ಹೋಯಿತು. ಅಲ್ಲಿ ತೋರಿಸಿಕೊಟ್ಟ ವ್ಯಾಯಾಮವನ್ನು ದಿನಾ ಮನೆಯಲ್ಲಿ ಮಾಡಿಸಬೇಕು. ತೋರಿಸಲು ಹದಿನೈದು ನಿಮಿಷ ಸಾಕು, ಮಾಡಿಸಲು ವರ್ಷಗಳೇ ಬೇಕು.

ಈ ಜಾಗಕ್ಕೆ ಬಂದವರು ನಮ್ಮ ಓಣಿಯ ನಿವೃತ್ತ ಮಾಸ್ತರ್ರು. ನಾವೆಲ್ಲ ಅವರಿಗೆ ಮುತ್ಯಾ ಎನ್ನುತ್ತೇವೆ. ಎಪ್ಪತ್ತು ದಾಟಿದ್ದಾರೆ. ಅಬ್ಬಾ ಸಂಕೋಚದಿಂದ, "ಏನರ ತಗೋರಿ ಮಾಸ್ತರ್ರೆ" ಎಂದಾಗ ಅವರು ಹೇಳಿದ್ದು ಇಷ್ಟೇ: "ನನಗ ಪಿಂಚಣಿ ಬರ್ತದ. ಮನ್ಯಾಗ ಕುಂತು ಏನ್ ಮಾಡ್ಲಿ? ಚಹಾ ಅಷ್ಟ ಕೊಡ್ರಿ ಸಾಕು."

ಮುತ್ಯಾ ಪಾಠ ಹೇಳುವುದು ನೋಡಿದರೆ ಪಾಠ ಅನ್ನಿಸುವುದೇ ಇಲ್ಲ. ತೊಗರಿ, ಕಡಲೆ, ಹೆಸರು ಕಲಸಿ ಒಂದು ಪರಾತದಲ್ಲಿ ಹಾಕುತ್ತಾರೆ. ತಮ್ಮ ಬಲಗೈಯಿಂದ ಆರಿಸಿ ಮೂರು ಬಟ್ಟಲಿಗೆ ಹಾಕಬೇಕು. ಬೆರಳಿಗೆ ವ್ಯಾಯಾಮವೂ ಆಯಿತು, ಎಣಿಕೆಯೂ ಆಯಿತು. ಒಂದು ಪ್ರಶ್ನೆ ಕೇಳಿದರೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತಾರೆ, ಅಲ್ಲಿಯವರೆಗೆ ಮನೆಯಲ್ಲಿ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ತಮ್ಮನ ಉತ್ತರ ಬರುತ್ತದೆ. ಅವನು "ಪಾನಿ" ಎಂದರೆ ಮುತ್ಯಾ ತಪ್ಪು ಎನ್ನುವುದಿಲ್ಲ. "ಹೌದು, ಪಾನಿ. ಸಾಲ್ಯಾಗ ನೀರು ಅಂತಾರ" ಎನ್ನುತ್ತಾರೆ. ಮಾತೇ ಕಷ್ಟವಾದ ಮಗುವಿಗೆ ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಆದರೆ ಹೊರೆ ಎರಡಾಗುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ದಖ್ಖನಿ ಕೇಳಿ ಬೆಳೆದ ಮುತ್ಯಾನಿಗೆ ಇದನ್ನು ಯಾರೂ ತರಬೇತಿಯಲ್ಲಿ ಹೇಳಿಕೊಟ್ಟಿಲ್ಲ.

ಕಾನೂನಿನಲ್ಲಿ ಇಂಥ ಮಕ್ಕಳಿಗೆ ಏನೂ ಇಲ್ಲವೆಂದಲ್ಲ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿತು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸಮಗ್ರ ಶಿಕ್ಷಣದ ಅಡಿಯಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಬಿ.ಐ.ಇ.ಆರ್.ಟಿ. ಎಂದು ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಾರೆ.

ಆದರೆ ತಾಲ್ಲೂಕಿನ ಹಳ್ಳಿಗಳನ್ನು ಎಣಿಸಿ, ಅಲ್ಲಿಗೆ ಹೋಗಬೇಕಾದ ಶಿಕ್ಷಕರನ್ನು ಎಣಿಸಿ ನೋಡಿ. ಒಬ್ಬರು ಎಷ್ಟು ಮನೆಗೆ, ಎಷ್ಟು ದಿನಕ್ಕೊಮ್ಮೆ ಹೋಗಲಾದೀತು? ಜೇವರ್ಗಿ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಖಾಲಾ ಇದ್ದಾರೆ. ಅವರ ಪಕ್ಕದ ಮನೆಯ ಹುಡುಗಿಗೆ ಕಿವಿ ಕೇಳುವುದಿಲ್ಲ. ತಂದೆತಾಯಿ ಇಬ್ಬರೂ ಹತ್ತಿ ಬಿಡಿಸಲು ಹೋದರೆ ಸಂಜೆಯವರೆಗೆ ಅವಳ ಕೈಸನ್ನೆಗೆ ಉತ್ತರ ಕೊಡುವವರೇ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಹೊರಗಿನಿಂದ ಯಾರು ಬಂದಾರು? ಊರೊಳಗೇ, ಓಣಿಯೊಳಗೇ ಒಬ್ಬರು ಬೇಕು.

ಆ ಒಬ್ಬರು ನಮ್ಮಲ್ಲಿ ಇದ್ದೇ ಇದ್ದಾರೆ. ಅಫಜಲಪುರದ ನಾನಿಯ ಓಣಿಯಲ್ಲಿ ಎಷ್ಟೋ ಮನೆಗಳ ಹರೆಯದವರು ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ. ಮಕ್ಕಳನ್ನು ನೋಡಿಕೊಳ್ಳುವವರು ಆಯಿ, ಮುತ್ಯಾ, ದಾದಿ, ನಾನಿಯರೇ. ಸ್ವಂತ ಮೊಮ್ಮಗನಿಗೆ ತುತ್ತು ಮಾಡಿ ಉಣ್ಣಿಸುವ ಕೈಗೆ ಪಕ್ಕದ ಮನೆಯ ಮಗುವಿಗೂ ಉಣ್ಣಿಸುವುದು ಗೊತ್ತು. ಅಮೆರಿಕದಲ್ಲಿ 1965ರಲ್ಲೇ 'ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್' ಎಂಬ ಸರ್ಕಾರಿ ಕಾರ್ಯಕ್ರಮ ಶುರುವಾಯಿತು. ಈಗ 55 ವರ್ಷ ದಾಟಿದವರು ಅದರಲ್ಲಿ ಸೇರಿ, ವಿಶೇಷ ಅಗತ್ಯವುಳ್ಳ ಮಕ್ಕಳೊಂದಿಗೆ ವಾರಕ್ಕೆ ಇಂತಿಷ್ಟು ತಾಸು ಕಳೆಯುತ್ತಾರೆ. ಕಡಿಮೆ ಆದಾಯದ ಹಿರಿಯರಿಗೆ ಅಲ್ಲಿ ಸಣ್ಣ ಭತ್ಯೆಯೂ ಸಿಗುತ್ತದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2021ರಲ್ಲಿ ಹೊಸದಾಗಿ ತಂದ ವಿದ್ಯಾಂಜಲಿ ಯೋಜನೆಯಲ್ಲಿ ನಿವೃತ್ತರೂ ಶಾಲೆಗಳಿಗೆ ಸ್ವಯಂಸೇವಕರಾಗಿ ಹೆಸರು ನೋಂದಾಯಿಸಬಹುದು. ಅಂದರೆ ಮುತ್ಯಾ ಮಾಡುವುದು ಒಂದು ಓಣಿಯ ವಿಚಿತ್ರವಲ್ಲ, ವ್ಯವಸ್ಥೆಯಾಗಿ ಕಟ್ಟಬಹುದಾದ ಕೆಲಸ.

ಕಟ್ಟುವಾಗ ಕೆಲವು ಎಚ್ಚರ ಬೇಕು. ಹಿರಿಯರ ಪ್ರೀತಿ ಥೆರಪಿಗೆ ಬದಲಿಯಲ್ಲ. ಬಿಗಿಯಾದ ಕೈಯನ್ನು ಜೋರಾಗಿ ಎಳೆದರೆ ನೋವಾಗುತ್ತದೆ, ಮಲಗಿಸಿ ಉಣ್ಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗಬಹುದು. ಆದ್ದರಿಂದ ತಿಳಿದವರು ಅವರಿಗೆ ಕಲಿಸಿಕೊಡಬೇಕು. ಮುತ್ಯಾ ಬಂದಾಗ ನಮ್ಮ ಮನೆಯ ಬಾಗಿಲು ತೆರೆದೇ ಇರುತ್ತದೆ, ಅಮ್ಮಿ ಹೊಲಿಗೆ ಯಂತ್ರದ ಮುಂದೆ ಅಲ್ಲೇ ಕುಳಿತಿರುತ್ತಾರೆ. ಹಾಗೆ ಇರಲಿ ಎಂದವರು ಮುತ್ಯಾನೇ. ಮಗುವಿನ ಸುರಕ್ಷೆಗೂ ಅದು ಒಳ್ಳೆಯದು, ದೊಡ್ಡವರ ಮರ್ಯಾದೆಗೂ ಒಳ್ಳೆಯದು. ಇನ್ನೊಂದು ಮಾತು. ಪುಕ್ಕಟೆ ಮಾಡುವವರು ಇದ್ದಾರೆಂದು ಸರ್ಕಾರ ಶಿಕ್ಷಕರ ಹುದ್ದೆ ಖಾಲಿ ಬಿಡುವಂತಾಗಬಾರದು. ಮುತ್ಯಾ ಬೇಕು, ವಿಶೇಷ ಶಿಕ್ಷಕರೂ ಬೇಕು.

ಹೋದ ವರ್ಷ ಮುತ್ಯಾನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬರಲಿಲ್ಲ. ನಾಲ್ಕು ಗಂಟೆಗೆ ತಮ್ಮ ಹೊಸ್ತಿಲಲ್ಲಿ ಕುಳಿತು ದಾರಿ ನೋಡುತ್ತಿದ್ದ. ಬಟ್ಟಲುಗಳನ್ನು ತಾನೇ ತೆಗೆದಿಟ್ಟಿರುತ್ತಿದ್ದ. ನನಗೆ ಭಯ ಹುಟ್ಟಿದ್ದು ಆಗಲೇ. ನಾಳೆ ಮುತ್ಯಾನ ಕಾಲು ಸೋತರೆ, ಇವನ ಇಪ್ಪತ್ತು ಎಣಿಸುವವರು ಯಾರು? ಹಿರಿಯರ ಸೇವೆಗೆ ಇರುವ ದೊಡ್ಡ ಮಿತಿ ಅವರ ವಯಸ್ಸೇ. ಅವರಿಂದ ಕಲಿತು ಮುಂದುವರಿಸುವ ಚಿಕ್ಕವರು ಇಲ್ಲದಿದ್ದರೆ ಆ ಕೆಲಸ ಅವರ ಜೊತೆಗೇ ನಿಂತುಹೋಗುತ್ತದೆ.

ಅದಕ್ಕೇ ಈ ಬರಹ. ನಮ್ಮ ಕಾಲೇಜಿನಲ್ಲಿ ಮೂರೂ ತಾಲ್ಲೂಕುಗಳ ಸಂಬಂಧವಿರುವ ವಿದ್ಯಾರ್ಥಿಗಳಿದ್ದೇವೆ. ನಮ್ಮ ಊರಿನಲ್ಲಿ ಇಂಥ ಮಗುವಿದ್ದರೆ ಅದಕ್ಕೆ ಯು.ಡಿ.ಐ.ಡಿ. ಕಾರ್ಡ್ ಇದೆಯೇ ಎಂದು ಕೇಳಬಹುದು. ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತದೆ. ಮೊಬೈಲಿನಲ್ಲಿ ಅರ್ಜಿ ತುಂಬುವುದು ನಮಗೆ ದೊಡ್ಡ ಮಾತಲ್ಲ, ಅಕ್ಷರ ಬಾರದ ತಾಯಿಗೆ ಅದು ಬೆಟ್ಟ. ನಿವೃತ್ತ ಮಾಸ್ತರ್ರು, ಅಂಗನವಾಡಿಯಿಂದ ನಿವೃತ್ತರಾದ ಆಪಾ, ಹೊತ್ತು ಹೋಗದೆ ಕಟ್ಟೆಯ ಮೇಲೆ ಕುಳಿತ ಮುತ್ಯಾ ಯಾರಾದರೂ ಇದ್ದರೆ ಆ ಮನೆಯವರೆಗೆ ಕರೆದೊಯ್ಯಬಹುದು. ಎನ್‌ಎಸ್‌ಎಸ್ ಶಿಬಿರದಲ್ಲಿ ಗುರುಗಳು ಇದಕ್ಕೆ ಒಂದು ದಿನ ಕೊಟ್ಟರೆ ಕ್ಷೇತ್ರ ಸಂಪನ್ಮೂಲ ಕೇಂದ್ರದವರನ್ನು ಕರೆಸಿ ನಾವೂ ಕಲಿಯಬಹುದು.

ಈಗ ತಮ್ಮ ಓಣಿಯ ಕಿರಾಣಿ ಅಂಗಡಿಗೆ ಒಬ್ಬನೇ ಹೋಗುತ್ತಾನೆ. ಇಪ್ಪತ್ತರ ನೋಟು ಬಲಗೈಯಲ್ಲೇ ಹಿಡಿದು ಕೊಡುತ್ತಾನೆ, ಚಿಲ್ಲರೆ ಎಣಿಸಿ ತೆಗೆದುಕೊಳ್ಳುತ್ತಾನೆ. ಅಂಗಡಿಯವರೂ ಅವನ ಮಾತು ಮುಗಿಯುವವರೆಗೆ ಕಾಯುವುದನ್ನು ಕಲಿತಿದ್ದಾರೆ. ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ನಾನು ಮುತ್ಯಾನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಸದ್ಯಕ್ಕೆ ನನ್ನ ಕೆಲಸ ಕಾಳು ಕಲಸಿ ಕೊಡುವುದು, ಸುಮ್ಮನೆ ಇಪ್ಪತ್ತು ಎಣಿಸುವುದು. ಮುಂದಿನ ತಿಂಗಳಿಂದ ವಾರದಲ್ಲಿ ಒಂದು ದಿನದ ಪಾಠ ನೀನೇ ಮಾಡು ಎಂದಿದ್ದಾರೆ.